ಸೈಟು ಬದಲಿಸುವ ಹುಕಿ

ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರಿಗೆ ಆಗಾಗ ಒಂದು ಹುಕಿ ಬರುತ್ತದೆ. ಹೊಸದಾಗಿ ಏನಾದರೂ ಬರೆಯೋಣ ಅಂತಲ್ಲ. ಬರೆದದ್ದನ್ನೆಲ್ಲ ಬೇರೆ ಜನರೇಟರ್‌ಗೆ, ಅಂದರೆ ಬರಹದ ಫೈಲುಗಳಿಂದ ಸೈಟಿನ ಪುಟಗಳನ್ನು ಕಟ್ಟಿಕೊಡುವ ಬೇರೊಂದು ತಂತ್ರಾಂಶಕ್ಕೆ, ಸಾಗಿಸೋಣ ಅಂತ! ಬೆಳಗಿನಿಂದ ಸಂಜೆವರೆಗೆ ಕೀಲಿಮಣೆ ಕುಟ್ಟುತ್ತಿರುತ್ತೇವೆ, ನೋಡಿದವರು ಏನೋ ಘನವಾದದ್ದನ್ನು ಬರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸೋಮಾರಿತನಕ್ಕೆ ಇದಕ್ಕಿಂತ ಮರ್ಯಾದಸ್ಥ ವೇಷ ಇನ್ನೊಂದಿಲ್ಲ.

ನನ್ನ ಸೈಟು ಜೆಕಿಲ್ ಎಂಬ ಜನರೇಟರ್‌ನಲ್ಲಿತ್ತು. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಮಾರ್ಕ್‌ಡೌನ್ ಫೈಲುಗಳನ್ನು (ಸರಳ ಗುರುತು ಹಾಕಿದ ಸಾದಾ ಪಠ್ಯ) ಓದಿ, ಟೆಂಪ್ಲೇಟಿಗೆ ತುಂಬಿ, ಸಿದ್ಧ ಎಚ್‌ಟಿಎಂಎಲ್ ಪುಟ ಮಾಡಿ ಕೊಡುತ್ತದೆ. ಡೇಟಾಬೇಸಿನ ರಗಳೆಯಿಲ್ಲ. ಆದರೆ ಹೊಸ ಲ್ಯಾಪ್‌ಟಾಪ್ ಬಂದಾಗಲೆಲ್ಲ ರೂಬಿಯ ಆವೃತ್ತಿ, ಅದರ ಜೊತೆ ಬೇಕಾಗುವ ‘ಜೆಮ್’ ಎಂಬ ಪುಟ್ಟ ತಂತ್ರಾಂಶಗಳ ಆವೃತ್ತಿ ಒಂದಕ್ಕೊಂದು ಮುನಿಸಿಕೊಳ್ಳುತ್ತವೆ. ಹಾಗಾಗಿ ಹ್ಯೂಗೋ ಎಂಬ ಇನ್ನೊಂದು ಜನರೇಟರ್‌ಗೆ ಹೊರಟೆ. ಇದು ಗೋ ಭಾಷೆಯದು, ಒಂದೇ ಒಂದು ಫೈಲು ಇಳಿಸಿಕೊಂಡರೆ ಮುಗಿಯಿತು. ಕೊನೆಗೆ ಇಷ್ಟು ಮಿಲಿಸೆಕೆಂಡಿನಲ್ಲಿ ಸೈಟು ಕಟ್ಟಿದೆ ಅಂತ ಲೆಕ್ಕವನ್ನೂ ಒಪ್ಪಿಸುತ್ತದೆ. ವರ್ಷಕ್ಕೆ ನಾಲ್ಕು ಲೇಖನ ಹಾಕುವವನಿಗೆ ಆ ಮಿಲಿಸೆಕೆಂಡ್ ಉಳಿದು ಏನಾಗಬೇಕು, ಅಲ್ವಾ? ಆದರೂ ನೋಡಲು ಖುಷಿ.

ಬರಹಗಳು ಸುಲಭವಾಗಿ ಬರುತ್ತವೆ, ಅವು ಸಾದಾ ಪಠ್ಯ. ಅವುಗಳ ನಡುವೆ ಜೆಕಿಲ್‌ಗಾಗಿ ಹಾಕಿದ ಲಿಕ್ವಿಡ್ ಟ್ಯಾಗುಗಳು, ಅಂದರೆ ಅದಕ್ಕೆ ಕೊಡುವ ಸೂಚನೆಗಳು, ಮಾತ್ರ ಹ್ಯೂಗೋಗೆ ಅರ್ಥವಾಗುವುದಿಲ್ಲ. ಪುಟ ತೆರೆದರೆ ಆವರಣ ಚಿಹ್ನೆ, ಶೇಕಡಾ ಚಿಹ್ನೆ ಎಲ್ಲ ಹಾಗ್ಹಾಗೇ ಎದುರಿಗೆ. ಒಂದೊಂದನ್ನೇ ಹುಡುಕಿ ಕೀಳಬೇಕು. ಕೀಳುವ ನೆಪದಲ್ಲಿ ಹಳೇ ಲೇಖನ ಪೂರ್ತಿ ಓದಿಸಿಕೊಳ್ಳುತ್ತದೆ. ಒಂದು ಅಲ್ಪವಿರಾಮ ತೆಗೆಯುತ್ತೇನೆ. ಇನ್ನೊಂದು ಪುಟದಲ್ಲಿ ಅದನ್ನೇ ಹಾಕುತ್ತೇನೆ. ಮಧ್ಯಾಹ್ನ ಕಳೆಯುತ್ತದೆ.

ನಿಜವಾದ ತಲೆನೋವು ವಿಳಾಸದ್ದು. ನನ್ನ ಪುಟಗಳ ವಿಳಾಸ ಕನ್ನಡದಲ್ಲೇ ಇದೆ. ಬ್ರೌಸರ್‌ನಲ್ಲಿ ನೋಡಲು ಚೆಂದ, ಕಾಪಿ ಮಾಡಿ ಯಾರಿಗಾದರೂ ಕಳಿಸಿದರೆ ಅನೇಕ ಸಲ ಶೇಕಡಾ ಚಿಹ್ನೆಗಳ ಜಾತ್ರೆ. ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟು, ವಿಳಾಸದಲ್ಲಿ ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆ. ‘ಕನ್ನಡ’ ಅಂತ ಬರೆದರೆ, ಒತ್ತಿನ ಹಿಂದಿರುವ, ಅಕ್ಷರವನ್ನು ಅರ್ಧ ಮಾಡುವ ‘್’ ಗುರುತೂ ಸೇರಿ ಐದು ಸಂಕೇತ. ಅಂದರೆ 45 ಚಿಹ್ನೆ! ಉದ್ದನೆ ಶೀರ್ಷಿಕೆ ಇಟ್ಟರೆ ವಾಟ್ಸಾಪಿನಲ್ಲಿ ಅದೇ ಒಂದು ಪ್ರಬಂಧದಷ್ಟಾಗುತ್ತದೆ.

ಅದಕ್ಕೆ ಈ ಸಲ ವಿಳಾಸಗಳನ್ನು ಚಿಕ್ಕದು ಮಾಡಿದೆ. ಹಳೆಯವನ್ನು ಸುಮ್ನೆ ಬಿಡುವಂತಿಲ್ಲ. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಹೇಳಿದ್ದಾರೆ. ಹ್ಯೂಗೋದಲ್ಲಿ ಪ್ರತಿ ಲೇಖನದ ತಲೆಯಲ್ಲಿ ‘ಅಲಿಯಾಸ್’ ಅಂತ ಹಳೇ ವಿಳಾಸ ಬರೆದಿಟ್ಟರೆ, ಅಲ್ಲಿಗೆ ಬಂದವರನ್ನು ಹೊಸ ಪುಟಕ್ಕೆ ದಾಟಿಸುತ್ತದೆ. ಕೂತು ಎಲ್ಲದಕ್ಕೂ ಬರೆದೆ. ಹಳೇ ವಿಳಾಸ ಹಿಡಿದು ಬರುವವರು ಬಹುಪಾಲು ಸರ್ಚ್ ಎಂಜಿನ್‌ಗಳ ರೋಬೋಟುಗಳು. ಇರಲಿ, ನಿಯತ್ತಾಗಿ ಬಂದು ಹೋಗುವ ಓದುಗರೆಂದರೆ ಅವೇ ತಾನೆ.