ಕೌಂಟೆಸ್ ಚಿತ್ರ ಬರೆದ ಜೀತದಾಳು

ರಷ್ಯಾದ ದೊಡ್ಡ ಕುಲೀನ ಕೌಂಟ್ ನಿಕೊಲಾಯ್ ಶೆರೆಮೆತೆವ್ ತನ್ನ ಜೀತದ ಹೆಣ್ಣನ್ನೇ ಮದುವೆಯಾದ ಕತೆಯನ್ನು ಹೇಳುವವರು ಬಹಳ. ಕೆಂಪು ಶಾಲು ಹೊದ್ದ ಆ ಹೆಣ್ಣು, ಗಾಯಕಿ ಪ್ರಸ್ಕೊವ್ಯಾ ಜೆಮ್ಚುಗೊವಾಳ ಚಿತ್ರವನ್ನು ತೋರಿಸಿ, ‘ಎಂಥಾ ಪ್ರೀತಿ ನೋಡಿ’ ಅನ್ನುತ್ತಾರೆ. ಪ್ರೀತಿ ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಆ ಚಿತ್ರ ಬರೆದವನೂ ಅದೇ ಕೌಂಟನ ಜೀತದಾಳು ಅನ್ನುವುದನ್ನು ಯಾರೂ ಹೇಳುವುದಿಲ್ಲವಲ್ಲ, ನನಗೆ ಸಂಕಟವಾಗುವುದು ಅಲ್ಲೇ.

ಅವನ ಹೆಸರು ನಿಕೊಲಾಯ್ ಅರ್ಗುನೊವ್. ಅಪ್ಪ ಇವಾನ್ ಹೆಸರಾಂತ ಚಿತ್ರಕಾರ, ಅಣ್ಣತಮ್ಮಂದಿರಲ್ಲಿ ಒಬ್ಬ ವಾಸ್ತುಶಿಲ್ಪಿ. ಮನೆಮಂದಿಯೆಲ್ಲ ಶೆರೆಮೆತೆವ್ ಮನೆತನದ ಸೊತ್ತು. ಲಕ್ಷಕ್ಕೂ ಮಿಕ್ಕಿ ಜೀತದಾಳುಗಳಿದ್ದ ಮನೆತನ ಅದು. ಅರಮನೆ, ರಂಗಮಂದಿರ, ಗೋಡೆಯ ಮೇಲಿನ ಚಿತ್ರ ಎಲ್ಲದರಲ್ಲೂ ಜೀತದವರ ದುಡಿಮೆ ಇತ್ತು.

ಪ್ರಸ್ಕೊವ್ಯಾ ಹುಟ್ಟಿದ್ದು 1768ರಲ್ಲಿ, ಕಮ್ಮಾರನ ಮಗಳಾಗಿ. ಎಳವೆಯಲ್ಲೇ ಮಾಸ್ಕೋ ಬಳಿಯ ಕುಸ್ಕೊವೊ ಬಂಗಲೆಗೆ ಕರೆತಂದು ಹಾಡು, ನಟನೆ, ಫ್ರೆಂಚ್, ಇಟಾಲಿಯನ್ ಕಲಿಸಿದರು. 1787ರಲ್ಲಿ ಸಂಗೀತಗಾರ ಗ್ರೆತ್ರಿಯ ಒಪೆರಾದಲ್ಲಿ (ಹಾಡಿನ ನಾಟಕದಲ್ಲಿ) ಅವಳ ಹಾಡು ಕೇಳಿದ ಸಾಮ್ರಾಜ್ಞಿ ಎರಡನೇ ಕ್ಯಾಥರೀನ್ ಉಂಗುರ ಕೊಟ್ಟಳು. ಇಷ್ಟು ದೊಡ್ಡ ಗಾಯಕಿಗೆ ಬಿಡುಗಡೆ ಸಿಕ್ಕಿದ್ದು 1798ರಲ್ಲಿ. ಅಷ್ಟು ಹೊತ್ತಿಗೆ ಕ್ಷಯ ಅವಳ ದನಿಯನ್ನೇ ಕಸಿದಿತ್ತು. 1801ರ ನವೆಂಬರಿನಲ್ಲಿ ಮಾಸ್ಕೋದ ಚರ್ಚೊಂದರಲ್ಲಿ ಗುಟ್ಟಾಗಿ ಮದುವೆ. ಅದಕ್ಕೂ ಮೊದಲು ಅವಳು ಪೋಲೆಂಡಿನ ಕುಲೀನರ ವಂಶದವಳು ಅಂತ ಸುಳ್ಳು ವಂಶಾವಳಿ ಹುಟ್ಟಿಸಬೇಕಾಯಿತು! ಕೌಂಟನಂಥ ಕೌಂಟನಿಗೂ ಅವಳನ್ನು ಕಮ್ಮಾರನ ಮಗಳಾಗಿಯೇ ಕೈಹಿಡಿಯುವ ಧೈರ್ಯ ಬರಲಿಲ್ಲ.

ಈಗ ಆ ಚಿತ್ರಕ್ಕೆ ಬನ್ನಿ. ಬಿಳಿ ಉಡುಗೆ, ಮೇಲೆ ಉರಿಯುವ ಕೆಂಪಿನ ಶಾಲು, ಎದೆಯ ಮೇಲೆ ಗಂಡನ ಪುಟ್ಟ ಚಿತ್ರವಿರುವ ಪದಕ. ಕೌಂಟೆಸ್‌ಗೆ, ಅಂದರೆ ಕೌಂಟನ ಹೆಂಡತಿಗೆ, ಬೇಕಾದದ್ದೆಲ್ಲ ಇದೆ. ಮುಖದಲ್ಲಿ ಮಾತ್ರ ಗತ್ತು ಇಲ್ಲ. ದೊಡ್ಡ ಕಪ್ಪು ಕಣ್ಣು, ಬಿಳಿಚಿದ ಕೆನ್ನೆ. ಅರ್ಗುನೊವ್ ಅವಳ ಕಾಯಿಲೆಯನ್ನು ಮುಚ್ಚಿಡಲಿಲ್ಲ. 1803ರ ಇನ್ನೊಂದು ಚಿತ್ರ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅದರಲ್ಲಿ ಅವಳು ಪಟ್ಟೆಪಟ್ಟೆಯ ನಿಲುವಂಗಿ ತೊಟ್ಟ ಬಸುರಿ. ಶ್ರೀಮಂತ ಮನೆತನಗಳು ಗೋಡೆಗೆ ಹಾಕಿಸಿಕೊಳ್ಳುತ್ತಿದ್ದ ಠೀವಿಯ ಚಿತ್ರಗಳ ನಡುವೆ ಬಸುರಿ ಹೆಂಗಸನ್ನು, ಅದೂ ದಣಿದ ಮುಖದವಳನ್ನು, ಹೀಗೆ ನೇರವಾಗಿ ಬರೆಯಲು ಎದೆಗಾರಿಕೆ ಬೇಕು. ಬರೆದವನೂ ಬರೆಸಿಕೊಂಡವಳೂ ಒಂದೇ ಒಡೆಯನ ಆಳುಗಳಾಗಿ ಹುಟ್ಟಿದವರು. ಆ ನೇರವಂತಿಕೆ ಅಲ್ಲಿಂದಲೇ ಬಂದದ್ದು ಅಂತ ನಾನು ನಂಬುತ್ತೇನೆ.

ಆ ವರ್ಷದ ಫೆಬ್ರವರಿಯಲ್ಲಿ ಮಗ ದ್ಮಿತ್ರಿ ಹುಟ್ಟಿದ. ಮೂರು ವಾರದೊಳಗೆ ತಾಯಿ ತೀರಿಕೊಂಡಳು. ಅವಳ ನೆನಪಿಗೆ ಕೌಂಟ್ ಮಾಸ್ಕೋದಲ್ಲಿ ಬಡವರಿಗಾಗಿ ಕಟ್ಟಿಸಿದ ಆಸ್ಪತ್ರೆ, ಆಶ್ರಯಮನೆ 1810ರಲ್ಲಿ ತೆರೆಯಿತು. ಅದು ಒಳ್ಳೆಯ ಕೆಲಸವೇ. ಆದರೆ ತನ್ನ ಹೆಂಡತಿಯ ಮುಖವನ್ನು ಉಳಿಸಿಕೊಟ್ಟ ಚಿತ್ರಕಾರನನ್ನು ತಾನು ಬದುಕಿದ್ದಾಗಲೇ ಬಿಡುಗಡೆ ಮಾಡಲು ಅವನಿಗೆ ಏನು ಅಡ್ಡಿಯಿತ್ತು? ಕೌಂಟ್ ಸತ್ತದ್ದು 1809ರಲ್ಲಿ. ಅವನ ಉಯಿಲಿನಂತೆ ಅರ್ಗುನೊವ್ ಸ್ವತಂತ್ರನಾದದ್ದು 1816ರಲ್ಲಿ, ಹೆಚ್ಚುಕಡಿಮೆ 45ರ ಪ್ರಾಯದಲ್ಲಿ. ಎರಡೇ ವರ್ಷಕ್ಕೆ ಕಲಾ ಅಕಾಡೆಮಿ ಅವನಿಗೆ ಅಕಾಡೆಮಿಶಿಯನ್ ಅನ್ನುವ ಗೌರವದ ಪದವಿ ಕೊಟ್ಟಿತು. ಪ್ರತಿಭೆಗೇನೂ ಕೊರತೆ ಇರಲಿಲ್ಲ, ಬಿಡುಗಡೆಯ ಕಾಗದ ಇರಲಿಲ್ಲ ಅಷ್ಟೇ. ಮುಂದಿನ ಸಲ ಆ ಕೆಂಪು ಶಾಲಿನ ಚಿತ್ರ ಹಂಚಿಕೊಳ್ಳುವಾಗ ಕೌಂಟನ ಹೆಸರಿಗಿಂತ ಮೊದಲು ನಿಕೊಲಾಯ್ ಅರ್ಗುನೊವ್ ಅಂತ ಬರೆಯಿರಿ.