ಮಿದುಳಿನ ಚಿತ್ರದಲ್ಲಿ ನಾವು ನೋಡುತ್ತಿರುವುದೇನು?

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಸಂಶೋಧನೆಗೆ ಸ್ವಯಂಸೇವಕನಾಗಿ ಎಂಆರ್‌ಐ ಯಂತ್ರದೊಳಗೆ ಮುಕ್ಕಾಲು ಗಂಟೆ ಮಲಗಿದ್ದೆ. ಉಂಗುರ, ಗಡಿಯಾರ, ಬೆಲ್ಟು ಎಲ್ಲವನ್ನೂ ಹೊರಗೇ ತೆಗೆದಿಡಿಸಿದ್ದರು. ತಲೆ ಅಲುಗಾಡದಂತೆ ಎರಡೂ ಬದಿಗೆ ಸ್ಪಂಜು ಸಿಕ್ಕಿಸಿ, ಕಣ್ಣಿನ ಮೇಲೆ ಓರೆಯಾಗಿ ಒಂದು ಸಣ್ಣ ಕನ್ನಡಿ ಹೊಂದಿಸಿದ್ದರು. ಅದರಲ್ಲಿ ಕಾಣುವ ಪರದೆಯ ಮೇಲೆ ಪ್ರಾಣಿಯ ಹೆಸರು ಮೂಡಿದಾಗಲೆಲ್ಲ ಬಲಗೈಯಲ್ಲಿದ್ದ ಗುಂಡಿ ಒತ್ತಬೇಕಿತ್ತು. ಯಂತ್ರದ ಬಡಿತದ ನಡುವೆ ನನ್ನ ಗಮನ ಪದಗಳನ್ನು ಬಿಟ್ಟು, ಊರಿನಲ್ಲಿ ಜ್ವರದಿಂದ ಮಲಗಿದ್ದ ಅಮ್ಮನ ಕಡೆಗೆ ಮತ್ತೆ ಮತ್ತೆ ಹೋಗುತ್ತಿತ್ತು. ಆಮೇಲೆ ನನ್ನ ಮಿದುಳಿನ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಿದ್ದ ಚಿತ್ರವನ್ನು ತೋರಿಸಿದಾಗ, ಅಮ್ಮನ ಚಿಂತೆ ಇದರಲ್ಲಿ ಎಲ್ಲಿದೆ ಎಂದು ಕೇಳಿದೆ. ‘ಅದನ್ನು ನಾವು ಕೇಳಿರಲಿಲ್ಲವಲ್ಲ’ ಎಂದರು. ಆ ಉತ್ತರ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಪತ್ರಿಕೆಗಳಲ್ಲಿ ‘ಪ್ರೀತಿಯ ಕೇಂದ್ರ ಪತ್ತೆ’, ‘ಭಯದ ಜಾಗ ಪತ್ತೆ’ ಎಂಬ ಶೀರ್ಷಿಕೆಗಳ ಜೊತೆ ಬರುವ ಬಣ್ಣದ ಚಿತ್ರಗಳನ್ನು ನಾವು ಫೋಟೋ ಎಂದು ನಂಬಿಬಿಡುತ್ತೇವೆ. ಅವು ಫೋಟೋಗಳಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತಿರುವಾಗ ಒಂದು ಬಗೆಯಾಗಿ, ಬಿಟ್ಟುಕೊಟ್ಟ ಮೇಲೆ ಇನ್ನೊಂದು ಬಗೆಯಾಗಿ ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಈ ವ್ಯತ್ಯಾಸದಿಂದ ಮಿದುಳಿನ ರಕ್ತದಲ್ಲಿರುವ ಆಮ್ಲಜನಕದ ಏರಿಳಿತವನ್ನು ಗುರುತಿಸಬಹುದೆಂದು ವಿಜ್ಞಾನಿ ಸೀಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು; 1992ರಲ್ಲಿ ಮನುಷ್ಯರ ಮೇಲಿನ ಮೊದಲ ಫಲಿತಾಂಶಗಳು ಪ್ರಕಟವಾದವು. ನರಕೋಶಗಳು ಕೆಲಸ ಮಾಡಿದ ಸುಮಾರು ಐದು ಸೆಕೆಂಡಿನ ನಂತರ ಅಲ್ಲಿಯ ರಕ್ತದ ಹರಿವು ಉತ್ತುಂಗಕ್ಕೇರುತ್ತದೆ, ಯಂತ್ರ ಹಿಡಿಯುವ ಸಂಕೇತದಲ್ಲಿ ಆಗುವ ಬದಲಾವಣೆ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು ಮಾತ್ರ, ಚಿತ್ರದ ಒಂದೊಂದು ಚುಕ್ಕೆಯ ಹಿಂದೆಯೂ ಲಕ್ಷಾಂತರ ನರಕೋಶಗಳಿರುತ್ತವೆ. ಬಣ್ಣವನ್ನು ಹಚ್ಚುವುದು ಸಂಖ್ಯಾಶಾಸ್ತ್ರ.

ಆ ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕ್ರೇಗ್ ಬೆನೆಟ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಮಂಡಿಸಿದರು. ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು ಮನುಷ್ಯರ ಫೋಟೋಗಳನ್ನು ತೋರಿಸಿ, ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಕಾಣುವ ಸುಳ್ಳು ಫಲಿತಾಂಶಗಳನ್ನು ತಡೆಯಲು ಮಾಡಬೇಕಾದ ತಿದ್ದುಪಡಿಯನ್ನು ಕೈಬಿಟ್ಟು ನೋಡಿದರೆ, ಆ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. 2020ರಲ್ಲಿ ಒಂದೇ ದತ್ತಾಂಶವನ್ನು 70 ಸಂಶೋಧಕ ತಂಡಗಳಿಗೆ ಕೊಟ್ಟಾಗ ಹಲವು ಪ್ರಶ್ನೆಗಳಿಗೆ ಅವುಗಳ ತೀರ್ಮಾನಗಳು ಒಂದಕ್ಕೊಂದು ಹೊಂದಲಿಲ್ಲ. ಇವನ್ನು ಬಯಲಿಗೆ ತಂದವರು ಈ ಕ್ಷೇತ್ರದವರೇ ಎಂಬ ಕಾರಣಕ್ಕೆ ಆ ವಿಜ್ಞಾನದ ಮೇಲಿನ ನನ್ನ ಗೌರವ ಹೆಚ್ಚಾಗಿದೆ.

ನನಗೆ ನಿಜವಾಗಿ ಆತಂಕವಾಗುವುದು ಪ್ರಯೋಗಾಲಯದ ಹೊರಗೆ. ನಮ್ಮಲ್ಲಿ ‘ಬ್ರೇನ್ ಮ್ಯಾಪಿಂಗ್’ ಎಂಬ ಹೆಸರಿನಲ್ಲಿ ಆರೋಪಿಗಳ ತಲೆಗೆ ತಂತಿಗಳನ್ನು ಅಂಟಿಸಿ ವಿದ್ಯುತ್ ಅಲೆಗಳನ್ನು ದಾಖಲಿಸಿ, ಅಪರಾಧದ ನೆನಪು ಇದೆಯೋ ಇಲ್ಲವೋ ಎಂದು ಹೇಳುವ ಪದ್ಧತಿ ಬಳಕೆಗೆ ಬಂದಿತ್ತು. ಅದು ಎಂಆರ್‌ಐ ಅಲ್ಲ, ಆದರೆ ಮಿದುಳಿನ ಗುರುತಿನಿಂದ ಮನಸ್ಸನ್ನೇ ಓದಿದೆವೆಂಬ ಆತುರ ಎರಡರಲ್ಲೂ ಒಂದೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂತಹ ಪರೀಕ್ಷೆ ನಡೆಸಕೂಡದು ಎಂದು ತೀರ್ಪಿತ್ತಿತು. ನನ್ನ ದೃಷ್ಟಿಯಲ್ಲಿ ಅದು ವಿಜ್ಞಾನದ ಮಾನವನ್ನೂ ಕಾಪಾಡಿದ ತೀರ್ಪು.

ಹಾಗೆಂದು ಎಂಆರ್‌ಐ ಚಿತ್ರಗಳಿಂದ ಪ್ರಯೋಜನವಿಲ್ಲ ಎನ್ನುವವರನ್ನೂ ನಾನು ಒಪ್ಪಲಾರೆ. ನರವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ 2006ರಲ್ಲಿ, ಅಪಘಾತದ ನಂತರ ಯಾವ ಪ್ರತಿಕ್ರಿಯೆಯನ್ನೂ ತೋರದಿದ್ದ 23 ವರ್ಷದ ಯುವತಿಗೆ ಟೆನಿಸ್ ಆಡುತ್ತಿರುವುದಾಗಿ, ನಂತರ ತನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವುದಾಗಿ ಕಲ್ಪಿಸಿಕೊಳ್ಳಲು ಹೇಳಿತು. ಆರೋಗ್ಯವಂತರಲ್ಲಿ ಕಾಣುವ ಭಾಗಗಳಲ್ಲೇ ಆಕೆಯ ಮಿದುಳೂ ಸ್ಪಂದಿಸಿತು. 2010ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ‘ಹೌದು’ ಎನ್ನಲು ಒಂದು ಕಲ್ಪನೆ, ‘ಇಲ್ಲ’ ಎನ್ನಲು ಇನ್ನೊಂದು ಎಂದು ಗೊತ್ತುಮಾಡಿ, ಐದು ವರ್ಷ ಮಾತಿಲ್ಲದೆ ಮಲಗಿದ್ದ ಯುವಕನೊಬ್ಬನಿಗೆ ತಂದೆಯ ಹೆಸರು ಇದೇನಾ ಎಂಬಂತಹ ಆರು ಪ್ರಶ್ನೆಗಳನ್ನು ಕೇಳಿದರು. ಐದಕ್ಕೆ ಸರಿಯಾದ ಉತ್ತರ ಬಂತು. ಆರನೆಯದಕ್ಕೆ ಆ ಎರಡು ಕಲ್ಪನೆಗಳಿಗೆ ಸ್ಪಂದಿಸುವ ಭಾಗಗಳಲ್ಲಿ ಏನೂ ಕಾಣಲಿಲ್ಲ. ಆತ ನಿದ್ದೆ ಹೋಗಿದ್ದನೋ, ದಣಿದಿದ್ದನೋ, ಉತ್ತರಿಸುವುದು ಬೇಡವೆಂದುಕೊಂಡನೋ ಚಿತ್ರ ಹೇಳಲಿಲ್ಲ. ಆ ಮೌನವನ್ನು ಸಂಶೋಧಕರು ‘ಇಲ್ಲ’ ಎಂದೂ ಬರೆದುಕೊಳ್ಳಲಿಲ್ಲ, ತಪ್ಪು ಉತ್ತರವೆಂದೂ ಎಣಿಸಲಿಲ್ಲ.