ಕ್ಲಿಕರ್ ಕೊಳ್ಳುವ ಮುನ್ನ ಪ್ರಶ್ನೆ ಬರೆಯೋಣ

"ಅರ್ಥವಾಯಿತೇ?" ಎಂದು ಕೇಳಿದಾಗ ಇಡೀ ತರಗತಿಯಿಂದ ಬರುವ "ಹೂಂ ಸರ್" ಎಂಬ ಉತ್ತರವನ್ನು ನಂಬಿ ಪಾಠ ಮುಂದುವರಿಸುವುದು ನಮ್ಮ ಪದವಿ ಕಾಲೇಜುಗಳ ಹಳೆಯ ರೂಢಿ. ಪುಟ್ಟ ರಿಮೋಟ್‌ನಂತಹ ಕ್ಲಿಕರ್ ಕೊಟ್ಟೋ, ವಿದ್ಯಾರ್ಥಿಗಳ ಮೊಬೈಲನ್ನೇ ಬಳಸಿಯೋ ಪ್ರತಿಯೊಬ್ಬರ ಉತ್ತರ ಪಡೆದು, ಯಾವ ಆಯ್ಕೆಗೆ ಎಷ್ಟು ಮತ ಬಿತ್ತೆಂದು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಆ "ಹೂಂ"ನ ಬಂಡವಾಳವನ್ನು ಬಯಲು ಮಾಡುತ್ತದೆ. ಬೆಂಗಳೂರಿನಲ್ಲಿ ಭೌತಶಾಸ್ತ್ರ ಬೋಧಿಸುವ ನಾನು ಇದರ ಪರವಾಗಿದ್ದೇನೆ; ಆದರೆ ಆಡಳಿತ ಮಂಡಳಿಗಳು ಇದನ್ನು ಬಯಸುವ ಕಾರಣಕ್ಕಲ್ಲ.

ನೇರವಾಗಿ ಮೇಲಕ್ಕೆಸೆದ ಚೆಂಡು ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ (ಆಕ್ಸಿಲರೇಶನ್) ಎಷ್ಟು? ಪಿಯುಸಿಯಲ್ಲಿ ತೊಂಬತ್ತರ ಮೇಲೆ ಅಂಕ ಪಡೆದವರೂ ಸೇರಿದಂತೆ ಬಹಳಷ್ಟು ಮಂದಿ "ಸೊನ್ನೆ" ಎಂದೇ ಒತ್ತುತ್ತಾರೆ. ಆಗ ನಾನು ಸರಿಯುತ್ತರ ಹೇಳದೆ, ಪಕ್ಕದವರೊಡನೆ ವಾದ ಮಾಡಿ ಮತ್ತೊಮ್ಮೆ ಒತ್ತಿ ಎನ್ನುತ್ತೇನೆ. ಈಚೆಗೆ ಹಿಂದಿನ ಬೆಂಚಿನಿಂದ ಕೇಳಿಬಂದ ಮಾತು ಇದು: "ಲೋ, ವೆಲಾಸಿಟೀನೂ ಸೊನ್ನೆ, ಆಕ್ಸಿಲರೇಶನ್ನೂ ಸೊನ್ನೆ ಅಂದ್ರೆ ಚೆಂಡು ಅಲ್ಲೇ ನಿಂತ್ಬಿಡ್ಬೇಕಲ್ಲೋ, ಕೆಳಗ್ಯಾಕ್ ಬರುತ್ತೆ?" ಕೈಯೆತ್ತಿ ಇಂಗ್ಲಿಷಿನಲ್ಲಿ ಉತ್ತರಿಸಲು ಸದಾ ಹಿಂಜರಿಯುವ, ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗನ ತರ್ಕವದು. ಗುರುತ್ವವು ತುದಿಯಲ್ಲಿ ರಜೆ ತೆಗೆದುಕೊಳ್ಳುವುದಿಲ್ಲವೆಂದು ನಾನು ಬೋರ್ಡಿನ ಮೇಲೆ ಬರೆದಿದ್ದರೂ ಅದು ಅಷ್ಟು ನೇರವಾಗಿ ನಾಟುತ್ತಿರಲಿಲ್ಲ.

ಈ ಕ್ರಮವನ್ನು ಹಾರ್ವರ್ಡ್‌ನ ಎರಿಕ್ ಮಜೂರ್ 1991ರಲ್ಲಿ ಆರಂಭಿಸಿದರು. ಮೊದಲ ಸುತ್ತಿನಲ್ಲಿ ಸರಿಯುತ್ತರ ಸುಮಾರು ಶೇಕಡಾ 30ರಿಂದ 70ರ ನಡುವೆ ಇದ್ದಾಗಲೇ ಚರ್ಚೆ ಫಲ ಕೊಡುತ್ತದೆ ಎಂಬುದು ಈ ವಿಧಾನದ ಲೆಕ್ಕಾಚಾರ. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಮಾಡಬೇಕು, ಹೆಚ್ಚಿದ್ದರೆ ಮುಂದೆ ಸಾಗಬಹುದು. ಕೊಲೊರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯೊಂದರಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾರಿಗೂ ಮೊದಲು ಉತ್ತರ ತಿಳಿಯದ ಗುಂಪುಗಳಲ್ಲೂ ಚರ್ಚೆಯಿಂದ ತಿಳಿವಳಿಕೆ ಸುಧಾರಿಸಿದ್ದು ಕಂಡುಬಂತು. ಜಾಣ ವಿದ್ಯಾರ್ಥಿಯನ್ನು ಉಳಿದವರು ನಕಲು ಮಾಡುತ್ತಾರಷ್ಟೇ ಎನ್ನುವವರು ಇದನ್ನು ಗಮನಿಸಬೇಕು. ಕೆನಡಾದ ಕಾಲೇಜೊಂದರಲ್ಲಿ ಕ್ಲಿಕರ್ ಮತ್ತು ಉತ್ತರ ತೋರಿಸಲು ಎತ್ತಿಹಿಡಿಯುವ ರಟ್ಟಿನ ಕಾರ್ಡುಗಳನ್ನು ಹೋಲಿಸಿದ 2008ರ ಅಧ್ಯಯನವಂತೂ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸವನ್ನೇ ಕಾಣಲಿಲ್ಲ.

ಹಾಗಿದ್ದೂ ನನಗೆ ಗೊತ್ತಿರುವ ಕಾಲೇಜೊಂದು ಉಪಕರಣ ತರಿಸಿ, ಅದನ್ನು ಹಾಜರಾತಿಗೂ ಐಎ (ಆಂತರಿಕ ಮೌಲ್ಯಮಾಪನ) ಅಂಕಗಳಿಗೂ ಜೋಡಿಸಿತು. ಪರಿಣಾಮ ಊಹಿಸಬಹುದಾದದ್ದೇ: ಗೆಳೆಯನ ಕ್ಲಿಕರನ್ನೂ ಜೇಬಿನಲ್ಲಿಟ್ಟುಕೊಂಡು ಬರುವವರು ಹೆಚ್ಚಾದರು, ವಾದ ಮಾಡುವವರು ಕಡಿಮೆಯಾದರು. ತಪ್ಪುತ್ತರಕ್ಕೆ ಅಂಕ ಹೋಗುವುದಾದರೆ ಯಾರು ತಾನೇ ತಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳುತ್ತಾರೆ? (ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ತೋರಿಸಲು ಮಾತ್ರ ಯಂತ್ರಗಳು ಚೆನ್ನಾಗಿದ್ದವು.)

ಯಂತ್ರಕ್ಕೆ ಒಂದು ನಿಜವಾದ ಅನುಕೂಲವಿದೆ: ಯಾರು ಏನು ಒತ್ತಿದರೆಂದು ಪಕ್ಕದವರಿಗೆ ತಿಳಿಯದು, ಲೆಕ್ಕವೂ ಕ್ಷಣದಲ್ಲಿ ಸಿಗುತ್ತದೆ. ಹಣವಿಲ್ಲದ ಸರ್ಕಾರಿ ಕಾಲೇಜುಗಳು ಅವೆನ್ಯೂ ರಸ್ತೆಯಿಂದ ಬಣ್ಣದ ರಟ್ಟು ತಂದು ಎ, ಬಿ, ಸಿ, ಡಿ ಎಂದು ಬರೆದರೂ ಕೆಲಸ ನಡೆಯುತ್ತದೆ. ಕೊರತೆಯಿರುವುದು ಚೆಂಡಿನಂತಹ ಪ್ರಶ್ನೆಗಳಿಗೆ, ಅದರಲ್ಲೂ ಕನ್ನಡದಲ್ಲಿ. ಈ ರಜೆಯಲ್ಲಿ ಜೊತೆಗೂಡಿ ಅಂತಹ ಪ್ರಶ್ನೆಗಳನ್ನು ಬರೆಯಲು ಒಪ್ಪುವ ಭೌತಶಾಸ್ತ್ರದ ಸಹೋದ್ಯೋಗಿಗಳು ದಯವಿಟ್ಟು ಮೆಸೇಜ್ ಮಾಡಿ.